ನಲವತ್ತೈದು ಲಕ್ಷದ ಗೆರೆ ಮತ್ತು ಮಧ್ಯಮ ವರ್ಗದ ಮನೆ

‘ಮನೆ ಕಟ್ಟಿ ನೋಡು’ ಎಂಬುದು ಹಿರಿಯರ ಮಾತು. ನಿವೇಶನ ಕೈಗೆಟುಕದ ಬೆಂಗಳೂರಿನಲ್ಲಿ ಅದು ಈಗ ‘ಫ್ಲ್ಯಾಟ್ ಕೊಂಡು ನೋಡು’ ಎಂದಾಗಿದೆ. ಕೊಳ್ಳುವವರ ಪಾಲಿಗೆ ಮನೆಯ ಬೆಲೆಯಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಆ ಬೆಲೆ 45 ಲಕ್ಷ ರೂಪಾಯಿಗಳ ಗೆರೆಯ ಈಚೆಗಿದೆಯೋ, ಆಚೆಗಿದೆಯೋ?

ಈ ಗೆರೆಯನ್ನು ಎರಡು ಸರ್ಕಾರಗಳೂ ಎಳೆದಿವೆ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಜಿಎಸ್‌ಟಿ ವ್ಯವಸ್ಥೆಯಲ್ಲಿ, ಮಹಾನಗರಗಳಲ್ಲಿ 60 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣ ಹಾಗೂ 45 ಲಕ್ಷ ರೂಪಾಯಿ ಬೆಲೆ ಮೀರದ, ನಿರ್ಮಾಣ ಹಂತದಲ್ಲಿರುವ ಮನೆಗೆ ಶೇ. 1 ತೆರಿಗೆ; ಉಳಿದವಕ್ಕೆ ಶೇ. 5. ರಾಜ್ಯ ಸರ್ಕಾರವು 2021ರಲ್ಲಿ 35ರಿಂದ 45 ಲಕ್ಷದವರೆಗಿನ ಫ್ಲ್ಯಾಟುಗಳ ಮೊದಲ ನೋಂದಣಿಯ ಮುದ್ರಾಂಕ ಶುಲ್ಕವನ್ನು ಶೇ. 5ರಿಂದ ಶೇ. 3ಕ್ಕೆ ಇಳಿಸಿತು. ಎರಡೂ ಕ್ರಮಗಳ ಉದ್ದೇಶ ಸ್ವಾಗತಾರ್ಹವೇ ಆಗಿತ್ತು.

ಆದರೆ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. 60 ಚದರ ಮೀಟರಿನೊಳಗಿನ 45 ಲಕ್ಷದ ಮನೆಗೆ ಜಿಎಸ್‌ಟಿ 45 ಸಾವಿರ ಮತ್ತು ಮುದ್ರಾಂಕ ಶುಲ್ಕ 1.35 ಲಕ್ಷ, ಒಟ್ಟು 1.80 ಲಕ್ಷ ರೂಪಾಯಿ. ಅದೇ ಮನೆಯ ಬೆಲೆ 46 ಲಕ್ಷವಾದರೆ ಎರಡೂ ತಲಾ 2.30 ಲಕ್ಷ, ಒಟ್ಟು 4.60 ಲಕ್ಷ. ಬೆಲೆಯಲ್ಲಿ ಒಂದು ಲಕ್ಷ ಏರಿದರೆ ತೆರಿಗೆಯಲ್ಲಿ 2.80 ಲಕ್ಷ ಏರುತ್ತದೆ! ಇದರ ಮೇಲೆ ಉಪಕರಗಳು. ಜೊತೆಗೆ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ.

60 ಚದರ ಮೀಟರ್ ಎಂದರೆ ಸುಮಾರು 645 ಚದರ ಅಡಿ. ಅಷ್ಟು ವಿಸ್ತೀರ್ಣದ ಮನೆ 45 ಲಕ್ಷಕ್ಕೆ ದೊರೆಯಬೇಕಾದರೆ ಕಾರ್ಪೆಟ್ ವಿಸ್ತೀರ್ಣದ ಚದರ ಅಡಿಯ ದರ ಏಳು ಸಾವಿರ ರೂಪಾಯಿಯನ್ನು ಮೀರುವಂತಿಲ್ಲ. ವಾಹನ ನಿಲುಗಡೆಯ ಶುಲ್ಕವೂ ಅದರೊಳಗೇ ಅಡಕವಾಗಬೇಕು. ನಗರದೊಳಗಿನ ಹೊಸ ಯೋಜನೆಗಳಲ್ಲಿ ಇಂತಹ ದರ ಅಪರೂಪ. 2023ರ ಅಕ್ಟೋಬರ್‌ನಲ್ಲಿ ಸರ್ಕಾರವೇ ಮಾರ್ಗಸೂಚಿ ದರಗಳನ್ನು ಏರಿಸಿತು. ಆಸ್ತಿಯ ಬೆಲೆ ಏರಿದೆಯೆಂದು ಒಪ್ಪಿ ಶುಲ್ಕ ಪಡೆಯುವ ಸರ್ಕಾರ, ರಿಯಾಯಿತಿಯ ಮಿತಿಯನ್ನು ಹಳೆಯ ಬೆಲೆಗೇ ಕಟ್ಟಿಹಾಕುವುದು ನ್ಯಾಯಸಮ್ಮತವೆನಿಸದು.

ಇದರ ಪರಿಣಾಮ ಉದ್ಯಮವನ್ನೂ ಬಿಟ್ಟಿಲ್ಲ. ಪೀಣ್ಯದ ಕುಶಲ ಕಾರ್ಮಿಕನೋ, ವೈಟ್‌ಫೀಲ್ಡಿನ ಕಿರಿಯ ನೌಕರಳೋ ಮನೆಗಾಗಿ ಊರಾಚೆಗೆ ಹೋದಷ್ಟೂ ದಿನದ ಗಂಟೆಗಳು ರಸ್ತೆಯಲ್ಲಿ ಕಳೆಯುತ್ತವೆ. ಆ ನಷ್ಟವನ್ನು ಕುಟುಂಬವೂ ಕಾರ್ಖಾನೆಯೂ ಹಂಚಿಕೊಳ್ಳುತ್ತವೆ. ಅಷ್ಟೇ ಅಲ್ಲ, ಗೆರೆಯ ಅಂಚಿನಲ್ಲಿ ಪತ್ರದ ಬೆಲೆಯೊಂದು, ಕೈಬದಲಾಗುವ ಹಣವೊಂದು ಎಂಬ ಪ್ರಲೋಭನೆಯೂ ಹುಟ್ಟುತ್ತದೆ.

ಮಿತಿ ಏರಿಸಿದರೆ ಬೊಕ್ಕಸಕ್ಕೆ ನಷ್ಟ, ಉಳ್ಳವರಿಗೇ ಲಾಭ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಅದಕ್ಕೆ ಪರಿಹಾರವೂ ಇದೆ. ವಿಸ್ತೀರ್ಣದ ಮಿತಿಯನ್ನು ಹಾಗೆಯೇ ಉಳಿಸಿ, ಬೆಲೆಯ ಮಿತಿಯನ್ನು ಆಯಾ ನಗರದ ದರಗಳಿಗನುಗುಣವಾಗಿ ಕಾಲಕಾಲಕ್ಕೆ ಪರಿಷ್ಕರಿಸಬಹುದು. ಹಣದುಬ್ಬರವು ಬೆಲೆಯನ್ನು ಹಿಗ್ಗಿಸಬಲ್ಲದೇ ಹೊರತು 60 ಚದರ ಮೀಟರನ್ನಲ್ಲ. ಆದಾಯ ತೆರಿಗೆಯ ಹಂತಗಳಂತೆ, ಮಿತಿ ಮೀರಿದ ಮೊತ್ತಕ್ಕೆ ಮಾತ್ರ ಹೆಚ್ಚಿನ ದರ ವಿಧಿಸುವುದೂ ಯೋಗ್ಯ. ಆಗ 46 ಲಕ್ಷದ ಮನೆಯ ಹೆಚ್ಚುವರಿ ಹೊರೆ ಹತ್ತು ಸಾವಿರ ರೂಪಾಯಿ ಮಾತ್ರ.

ನಿರ್ಮಾಪಕರಿಗೂ ಹೊಣೆಗಾರಿಕೆಯಿದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಆ ಉಳಿತಾಯ ಗ್ರಾಹಕನ ಬೆಲೆಪಟ್ಟಿಯಲ್ಲಿ ಕಾಣದಿದ್ದರೆ, ತೆರಿಗೆ ಇಳಿಸಿರೆಂದು ಕೇಳುವ ನೈತಿಕ ಬಲ ಉದ್ಯಮಕ್ಕೆ ಉಳಿಯದು. ಸರ್ಕಾರ ಗೆರೆಯನ್ನು ಸರಿಸಲಿ; ಉದ್ಯಮವು ಅದರ ಫಲವನ್ನು ಮನೆ ಕೊಳ್ಳುವವನ ಕೈಗೆ ತಲುಪಿಸಲಿ.