ಮಾಥೇರಾನದ ಕೈಗಾಡಿಗಳು

ಮುಂಬಯಿಗೆ ಸಮೀಪದ ಮಾಥೇರಾನ ಗಿರಿಧಾಮದಲ್ಲಿ ಮನುಷ್ಯನು ಮನುಷ್ಯನನ್ನು ಎಳೆಯುವ ಕೈಗಾಡಿಗಳನ್ನು ಆರು ತಿಂಗಳೊಳಗಾಗಿ ನಿಲ್ಲಿಸತಕ್ಕದ್ದೆಂದು ಸುಪ್ರೀಮ್ ಕೋರ್ಟು 2025ನೆಯ ಇಸವಿಯ ಆಗಸ್ಟಿನಲ್ಲಿ ಆಜ್ಞಾಪಿಸಿತು. ಸ್ವಾತಂತ್ರ್ಯ ಬಂದು 78 ವರ್ಷಗಳಾಗುತ್ತ ಬಂದಾಗ ಇಂಥ ಆಜ್ಞೆ ಅವಶ್ಯವಾದುದೇ ವಿಷಾದಕರವು. ಆದರೆ ಈ ಪದ್ಧತಿ ಅಲ್ಲಿ ಏಕೆ ಉಳಿಯಿತೆಂಬುದನ್ನು ವಿಚಾರಿಸದೆ ಬರಿದೆ ಧಿಕ್ಕರಿಸುವುದು ನ್ಯಾಯವಲ್ಲ.

ಸಹ್ಯಾದ್ರಿಯ ಈ ಗುಡ್ಡವನ್ನು 1850ರಲ್ಲಿ ಠಾಣೆಯ ಕಲೆಕ್ಟರನಾದ ಹ್ಯೂ ಮ್ಯಾಲೆಟನು ‘ಕಂಡುಹಿಡಿದ’ನೆಂದು ದಾಖಲೆಗಳು ಹೇಳುತ್ತವೆ. ಸುತ್ತಣ ಕಾಡುಗಳ ಠಾಕೂರ, ಕಾತಕರಿ ಜನರು ಅದನ್ನು ಕಂಡಿದ್ದುದು ಲೆಕ್ಕಕ್ಕೆ ಬಂದಂತಿಲ್ಲ. ಮುಂದೆ ಬಂಗಲೆಗಳೆದ್ದವು, ಪೀರಭಾಯಿ ಮನೆತನದವರು 1904ರಿಂದ 1907ರ ವರೆಗೆ ಶ್ರಮಿಸಿ ನೇರಳದಿಂದ ಪುಟ್ಟ ರೈಲನ್ನು ಬೆಟ್ಟಕ್ಕೆ ಹತ್ತಿಸಿದರು. ಮೋಟಾರಿಗೆ ಮಾತ್ರ ಊರೊಳಗೆ ಪ್ರವೇಶವಿಲ್ಲ. 2003ರಲ್ಲಿ ಕೇಂದ್ರ ಸರಕಾರವು ಈ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಿತು. ದಸ್ತೂರಿ ನಾಕೆಯಲ್ಲಿ ಕಾರು ಇಳಿದ ಪ್ರವಾಸಿಯು ಕೆಂಪು ಮಣ್ಣಿನ ದಾರಿಯಲ್ಲಿ ನಡೆಯಬೇಕಿತ್ತು, ಕುದುರೆಯೇರಬೇಕಿತ್ತು, ಇಲ್ಲವೆ ಕೈಗಾಡಿಯಲ್ಲಿ ಕೂಡಬೇಕಿತ್ತು. ಕಾಡಿನ ಶಾಂತಿಯನ್ನು ಕಾಯ್ದ ನಿಯಮವು ಹೀಗೆ ಭಾರವನ್ನೆಲ್ಲ ಬಡವನ ಹೆಗಲಿಗೆ ಹೊರಿಸಿತು.

ಊರಾದರೂ ಎಷ್ಟು ದೊಡ್ಡದು? 2001ರ ಖಾನೆಸುಮಾರಿಯಲ್ಲಿ 5,139 ಜನ, 2011ರಲ್ಲಿ 4,393. ದೇಶದ ಜನಸಂಖ್ಯೆ ನೂರಕ್ಕೆ ಹದಿನೇಳರಷ್ಟು ಏರಿದ ದಶಕದಲ್ಲಿ ಇಲ್ಲಿ ಏಳರಲ್ಲೊಂದು ಪಾಲು ಇಳಿಯಿತು. ಕಾರಖಾನೆಯಿಲ್ಲ, ಹೇಳಿಕೊಳ್ಳುವಂಥ ಬೇಸಾಯವಿಲ್ಲ. ಪ್ರವಾಸಿಯ ಕೈಯ ಹಣವೇ ಊರಿನ ಬೆಳೆ. ಇಂಥಲ್ಲಿ ಒಂದು ಕಸುಬನ್ನು ನಿಲ್ಲಿಸಿದರೆ ಅದನ್ನು ನಂಬಿದವರು ಬೆಟ್ಟವಿಳಿಯದೆ ಗತ್ಯಂತರವಿಲ್ಲ.

ಕೋರ್ಟಿಗೆ ಇದು ತಿಳಿಯದುದಲ್ಲ. 2022ರ ಕೊನೆಗೆ ವಿದ್ಯುತ್ ರಿಕ್ಷಾಗಳ ಪ್ರಯೋಗವು ನಡೆಯಿತು. ಅವು ಕೈಗಾಡಿ ಎಳೆಯುವವರಿಗೇ ಸಲ್ಲಬೇಕೆಂದು ಕೋರ್ಟು 2024ರಲ್ಲಿ ಒತ್ತಿ ಹೇಳಿತು. ನಿಜವಾದ ಗಾಡಿಯವರನ್ನು ಗುರುತಿಸುವ ಭಾರವನ್ನು ಈಗ ಕಲೆಕ್ಟರರ ಸಮಿತಿಗೆ ವಹಿಸಿದೆ. ಹಣವಿಲ್ಲವೆಂಬ ನೆವ ಸಲ್ಲದೆಂದೂ ಸರಕಾರಕ್ಕೆ ತಿಳಿಸಿದೆ. ಕುದುರೆಯವರು ಹೊಸ ವಾಹನವನ್ನು ವಿರೋಧಿಸಿದ್ದರು. ಅವರದೂ ಹೊಟ್ಟೆಯ ಪ್ರಶ್ನೆಯೇ.

ನಮ್ಮ ಸಂದೇಹ ಬೇರೆ. ಪರವಾನಗಿ ಪಡೆದ ಕೈಗಾಡಿಗಳು 94 ಇದ್ದವು. ಆದರೆ ಏರುದಾರಿಯಲ್ಲಿ ಗಾಡಿಯೊಂದು ಒಬ್ಬನಿಂದ ಸಾಗುವುದಿಲ್ಲ: ಮುಂದೆ ಒಬ್ಬನು ಎಳೆದರೆ ಹಿಂದೆ ದೂಡುವವರೂ ಬೇಕು. ವಿದ್ಯುತ್ ರಿಕ್ಷಾಕ್ಕಾದರೋ ಚಾಲಕನೊಬ್ಬನೇ ಸಾಕು. ಪರವಾನಗಿಯುಳ್ಳವರ ಯಾದಿಯನ್ನಷ್ಟೇ ಹಿಡಿದು ಹಂಚಿದರೆ ಹಿಂದಿನಿಂದ ದೂಡಿದವನ ಹೆಸರು ಯಾವ ಕಾಗದದಲ್ಲಿಯೂ ಸಿಗಲಾರದು. ಸಮಿತಿಯವರು ಕಚೇರಿಯ ಕಡತದಿಂದಲ್ಲ, ದಸ್ತೂರಿ ನಾಕೆಯಿಂದಲೇ ಎಣಿಕೆಯನ್ನು ಆರಂಭಿಸತಕ್ಕದ್ದು.