ಖಳನ ಕೊಂಬು ಕೀಳಬೇಡಿ

ಕಾಮಿಕ್ಸ್‌ನ ಖಳನನ್ನು ತೆರೆಗೆ ತರುವಾಗ ಬಣ್ಣ, ಕೊಂಬು, ಅಟ್ಟಹಾಸ ಕಳಚಿ ಸೂಟು ತೊಡಿಸಬೇಕು, ಇಲ್ಲವಾದರೆ ಜನ ನಗುತ್ತಾರೆ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಮಂಗಳೂರಿನಲ್ಲಿ ಕೂತು ಈ ಮಾತೇ?

ಕಟೀಲು ಯಕ್ಷಗಾನ ಮೇಳದ ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ಸಭೆಯ ಹಿಂದಿನಿಂದ, ದೀವಟಿಗೆಯ ಬೆಂಕಿ ಭುಗಿಲೆಬ್ಬಿಸುತ್ತ, ಕೊಂಬು ಕುಣಿಸುತ್ತ ನುಗ್ಗುತ್ತಾನೆ. ನಗುವವರಿಲ್ಲ, ತೂಕಡಿಸುತ್ತಿದ್ದ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ತೆಂಕುತಿಟ್ಟಿನ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿಯ ಮುಳ್ಳು ಇಡಲು ಗಂಟೆಗಟ್ಟಲೆ ಕೂರುತ್ತಾರೆ. ಅಷ್ಟಾದರೂ ಕಣ್ಣು ಹೊರಳುತ್ತದೆ, ತುಟಿ ಆಡುತ್ತದೆ.

2002ರ ‘ಸ್ಪೈಡರ್‌ಮ್ಯಾನ್’ನಲ್ಲಿ ಗ್ರೀನ್ ಗಾಬ್ಲಿನ್ ಸಪ್ಪೆಯಾದದ್ದು ಇಲ್ಲೇ. ವಿಲೆಮ್ ಡಫೋ ಅಂಥ ನಟನ ಮುಖಕ್ಕೆ ಅಲುಗಾಡದ ಮುಖವಾಡ ಜಡಿದರು. 2021ರ ಸ್ಪೈಡರ್‌ಮ್ಯಾನ್ ಚಿತ್ರದಲ್ಲಿ ಅದನ್ನು ಒಡೆದು ಎಸೆದ ಮೇಲೆ ಮನುಷ್ಯ ಏನು ಭಯಂಕರ! ಹೀತ್ ಲೆಡ್ಜರ್‌ನ ಜೋಕರ್ (2008) ಮುಖದಲ್ಲಿ ಬಣ್ಣ ಕಡಿಮೆಯಿತ್ತೇ?

ಕನ್ನಡದ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ರಾಜ್ ಬಿ. ಶೆಟ್ಟರ ಶಿವ ಸಾದಾ ಅಂಗಿಯಲ್ಲೇ ನಡುಕ ಹುಟ್ಟಿಸಿದ, ಒಪ್ಪಿದೆ. ಆದರೆ ಅವನು ಮಂಗಳಾದೇವಿಯ ಬೀದಿಯ ರೌಡಿ, ಲೋಕ ಗೆಲ್ಲಲು ಹೊರಟವನಲ್ಲ.

ಇನ್ನು ವರ್ತನೆ. ಆರ್ಭಟ ಮುಗಿಸಿದ ಮಹಿಷ ಅರ್ಥಗಾರಿಕೆಗೆ ನಿಂತರೆ ತನ್ನ ಪಕ್ಷವನ್ನು ಎಷ್ಟು ಚಂದ ವಾದಿಸುತ್ತಾನೆಂದರೆ, ದೇವಿಯ ಭಕ್ತರೂ ತಲೆದೂಗುತ್ತಾರೆ. ಸಿನಿಮಾದವರು ಕತ್ತರಿ ಆಡಿಸುವುದು ಮೊದಲು ಈ ಮಾತಿಗೇ. ಲೇಖಕರ ಸಿಟ್ಟು ಅಲ್ಲಿಗೆ ತಿರುಗಲಿ, ವೇಷದ ಪೆಟ್ಟಿಗೆಯ ಮೇಲಲ್ಲ.