ಸೋತವರು ಯಾರು ಸ್ವಾಮಿ?

ನಾವು ಏಳು ಜನ, ಒಂದು ಮೊಬೈಲು. ಅದನ್ನು ನೀರಿನ ಬಕೆಟ್ಟಿಗೆ ಒರಗಿಸಿಟ್ಟು, ಹಾಸ್ಟೆಲಿನ ನೆಲದ ಮೇಲೆ ಒತ್ತೊತ್ತಾಗಿ ಕೂತು ನೋಡಿದ ಸಿನಿಮಾ 'ಛಿಛೋರೆ'. ಹಿಂದಿಯದು. ನಿತೇಶ್ ತಿವಾರಿ ಮಾಡಿದ್ದು, 2019ರಲ್ಲಿ ಬಂದಿದ್ದು. ಆ ವರ್ಷದ ಅತ್ಯುತ್ತಮ ಹಿಂದಿ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಮೊದಲೇ ಒಪ್ಪಿಕೊಂಡುಬಿಡುತ್ತೇವೆ: ನಾವು ನಕ್ಕಿದ್ದೇವೆ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಆ ಸಲ ಒಂದು ಸಬ್ಜೆಕ್ಟು ಕಳೆದುಕೊಂಡಿದ್ದ ಎರಡನೇ ವರ್ಷದ ಹುಡುಗ. ನಕ್ಕು ಮುಗಿದ ಮೇಲೆ ಸಿಟ್ಟು ಬಂತು. ಆ ಸಿಟ್ಟಿನ ಲೆಕ್ಕ ಒಪ್ಪಿಸಲಿಕ್ಕೆ ಇದನ್ನು ಬರೆಯುತ್ತಿದ್ದೇವೆ.

ಕತೆ ಇಷ್ಟು. ಒಬ್ಬ ಹುಡುಗ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ ಪಾಸಾಗದೆ ಸಾಯಲು ಹೋಗುತ್ತಾನೆ. ತಾನು ಲೂಸರ್, ಸೋತವನು ಅನ್ನೋದು ಅವನ ಸಂಕಟ. ಆಸ್ಪತ್ರೆಯಲ್ಲಿ ಮಲಗಿದ ಮಗನಿಗೆ ಬದುಕುವ ಆಸೆ ಹುಟ್ಟಿಸಲು ಅಪ್ಪ ತನ್ನ ಕಾಲೇಜು ದಿನಗಳ ಕತೆ ಶುರುಮಾಡುತ್ತಾನೆ. ಹಳೇ ಗೆಳೆಯರೆಲ್ಲ ಬಂದು ಹಾಸಿಗೆ ಸುತ್ತ ಸೇರುತ್ತಾರೆ. ಹೊಟ್ಟೆ ಬಂದ, ಕೂದಲು ಉದುರಿದ ಗಂಡಸರು ಮತ್ತೆ ಹುಡುಗರಾಗುತ್ತಾರೆ. ಅವರು ಇದ್ದದ್ದು ನಾಲ್ಕನೇ ನಂಬರಿನ ಹಾಸ್ಟೆಲು. ಕಾಲೇಜೆಲ್ಲ ಅವರನ್ನು ಸೋತವರು ಅಂತಲೇ ಕರೆಯುತ್ತಿತ್ತು. ಮೂರನೇ ನಂಬರಿನವರ ಮೇಲೆ ಆಟೋಟದಲ್ಲಿ ಗೆಲ್ಲಬೇಕೆಂದು ಇವರು ಜಿದ್ದಿಗೆ ಬೀಳುತ್ತಾರೆ, ಒಬ್ಬೊಬ್ಬರೂ ತಮಗೆ ಪ್ರಿಯವಾದ ಒಂದೊಂದನ್ನು ಬಿಡುತ್ತಾರೆ, ಕೊನೆಗೂ ಸೋಲುತ್ತಾರೆ. ಸೋತರೂ ಸರಿಯೇ ಮಗನೇ, ಪ್ರಯತ್ನ ಮಾಡಿದೆಯಲ್ಲ ಅನ್ನೋದು ಸಿನಿಮಾದ ಮಾತು.

ಒಳ್ಳೇ ಮಾತು. ಯಾರು ಬೇಡ ಅಂದರು? ಪಾಸಾದರೆ ಹೇಗೆ ಸಂಭ್ರಮಿಸೋಣ ಅಂತ ಮಗನಿಗೆ ಹೇಳಿದ್ದೆ, ಫೇಲಾದರೆ ಏನು ಮಾಡೋಣ ಅಂತ ಹೇಳಲೇ ಇಲ್ಲ ಎಂದು ಅಪ್ಪ ಅಳುವಾಗ ನಮ್ಮ ರೂಮಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಈ ನಾಲ್ಕನೇ ನಂಬರಿನ ಸೋತವರು ಯಾರು ಸ್ವಾಮಿ? ದೇಶದ ಲಕ್ಷಾಂತರ ಮಕ್ಕಳನ್ನು ಹಿಂದೆ ಹಾಕಿ ಆ ಗೇಟಿನೊಳಗೆ ಕಾಲಿಟ್ಟವರು. ಕೇರಂನಲ್ಲಿ, ಚೆಸ್ಸಿನಲ್ಲಿ, ಬ್ಯಾಸ್ಕೆಟ್‌ಬಾಲಿನಲ್ಲಿ ಸೋತವರು. ಇಂಥ ಸೋಲು ನಮ್ಮ ಹಟ್ಟಿಯ ಹತ್ತು ಮಕ್ಕಳಿಗೆ ಸಿಕ್ಕಿದ್ದರೆ ನಾವು ತಮಟೆ ಹೊಡೆದು ಮೆರವಣಿಗೆ ಮಾಡುತ್ತಿದ್ದೆವು!

ಇನ್ನು ಅಡ್ಡಹೆಸರಿನ ವಿಚಾರ. ಆ ಹಾಸ್ಟೆಲಿನಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು. ಅಮ್ಮನ ನೆನಪಾಗಿ ಅಳುವವನು ಮಮ್ಮಿ, ಕುಡಿಯುವವನು ಬೇವಡಾ, ಬಾಯಿ ತೆರೆದರೆ ಬೈಗುಳ ಬರುವವನು ಆ್ಯಸಿಡ್. ಎಷ್ಟೋ ವರ್ಷದ ಮೇಲೆ ಆಸ್ಪತ್ರೆಯಲ್ಲಿ ಸಿಕ್ಕಾಗಲೂ ಅದೇ ಹೆಸರು, ಅದೇ ಪ್ರೀತಿ. ನಾವು ನಗುತ್ತಾ ನಗುತ್ತಾ ಇಲ್ಲೇ ತಡವರಿಸಿದೆವು. ನಮಗೂ ಕಾಲೇಜಿನಲ್ಲಿ ಅಡ್ಡಹೆಸರು ಇತ್ತು ಗೆಳೆಯರೇ. ಕೋಟಾ. ಸ್ಕಾಲರ್‌ಶಿಪ್. ಸರ್ಕಾರಿ ಅಳಿಯ. ಕುಡಿಯುವುದಕ್ಕೆ, ಅಳುವುದಕ್ಕೆ, ಬೈಯುವುದಕ್ಕೆ ಬಂದ ಹೆಸರಲ್ಲ ಅದು. ಮೊದಲ ದಿನ ಅಟೆಂಡರ್ ಬಂದು 'ಎಸ್ಸಿ ಎಸ್ಟಿ ಹುಡುಗ್ರು ಎದ್ದು ನಿಂತ್ಕಳಿ, ಫಾರಂ ತುಂಬ್ಬೇಕು' ಅಂದ ಕ್ಷಣದಲ್ಲಿ ಅಂಟಿದ್ದು. ನಮ್ಮಲ್ಲೂ ಒಬ್ಬ ಅವ್ವನ ನೆನಪಾಗಿ ಅಳುತ್ತಿದ್ದ. ಅವನನ್ನು ಮಮ್ಮಿ ಅಂತ ಕರೆದು ರೇಗಿಸುವಷ್ಟು ಸಲಿಗೆಯೂ ಯಾರಿಗೂ ಬೇಕಿರಲಿಲ್ಲ. ಇಪ್ಪತ್ತು ವರ್ಷ ಬಿಟ್ಟು ಆಸ್ಪತ್ರೆಯಲ್ಲಿ ಸಿಕ್ಕರೆ ನಮ್ಮನ್ನು ಏನಂತ ಕೂಗುತ್ತಾರೆ?

ತಿವಾರಿ ಅವರು ಓದಿದ್ದು ಬಾಂಬೆ ಐಐಟಿಯಲ್ಲಿ. ಸಿನಿಮಾದಲ್ಲಿರುವುದು ಅವರು ಕಂಡುಂಡ ಬದುಕು, 90ರ ದಶಕದ್ದು. ಐಐಟಿಗಳಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಬಂದದ್ದು 1973ರಲ್ಲಿ. ಅಂದರೆ ಈ ಗೆಳೆಯರು ಬಕೆಟ್ಟಿನಲ್ಲಿ ನೀರು ಎರಚಾಡುವ ಹೊತ್ತಿಗೆ ನಮ್ಮವರು ಆ ಕಾರಿಡಾರಿನಲ್ಲಿ ಓಡಾಡಿ ಎರಡು ದಶಕವಾಗುತ್ತಾ ಬಂದಿತ್ತು. ಎಲ್ಲಿ ಅವರು? ಎರಡೂ ಕಾಲು ಗಂಟೆಯ ಸಿನಿಮಾದಲ್ಲಿ ಒಬ್ಬನೂ ತಾನು ಇಂಥವನು ಎಂದು ಹೇಳಿಕೊಂಡು ಬರುವುದಿಲ್ಲ. ಕೇಡಿಗನಾಗಿಯಾದರೂ ಬರಬಾರದಿತ್ತೇ? ಜಾತಿ ಕೇಳದ ಗೆಳೆತನ ಅಂತ ಇದಕ್ಕೆ ಹೆಸರು. ಕೇಳಬೇಕಾಗಿಯೇ ಇಲ್ಲದವರ ಗೆಳೆತನ ಅನ್ನಿ.

ಹೊರಗಿನ ಕತೆ ಬೇರೆಯೇ ಇದೆ. 2023ರ ಫೆಬ್ರವರಿಯಲ್ಲಿ ಅದೇ ಬಾಂಬೆ ಐಐಟಿಯಲ್ಲಿ ದರ್ಶನ್ ಸೋಲಂಕಿ ಎಂಬ ದಲಿತ ಹುಡುಗ ತೀರಿಕೊಂಡ. ಮೊದಲ ವರ್ಷದವನು. ಮಗನಿಗೆ ಜಾತಿಯ ಕಿರುಕುಳವಿತ್ತು ಎಂದು ಮನೆಯವರು ಹೇಳಿದರು, ನೇರವಾದ ಪುರಾವೆ ಇಲ್ಲ ಎಂದು ಸಂಸ್ಥೆಯ ಸಮಿತಿ ಹೇಳಿತು. ಪುರಾವೆ ಇಲ್ಲವೆಂದ ಸಂಸ್ಥೆಯೇ ಅದೇ ಜುಲೈನಲ್ಲಿ ಸೂಚನೆ ಹೊರಡಿಸಿತು: ಸಹಪಾಠಿಯ ಪ್ರವೇಶ ಪರೀಕ್ಷೆಯ ರ‍್ಯಾಂಕು ಕೇಳಬೇಡಿ, ಅದು ಜಾತಿ ಕೇಳಿದ ಹಾಗಾದೀತು. ಅದೇ ವರ್ಷ ಅಲ್ಲಿನ ಮೂರು ಹಾಸ್ಟೆಲುಗಳ ಮೆಸ್ಸಿನಲ್ಲಿ ಸಸ್ಯಾಹಾರಿಗಳಿಗೆಂದು ಆರು ಟೇಬಲ್ ಬೇರೆ ಮಾಡಿದರು. ಪ್ರತಿಭಟಿಸಿದ ವಿದ್ಯಾರ್ಥಿಗೆ 10,000 ರೂಪಾಯಿ ದಂಡ ಹಾಕಿದರು. ಸಿನಿಮಾದಲ್ಲೂ ಮೆಸ್ಸಿನ ಊಟ ಬರುತ್ತದೆ, ಅದು ರುಚಿಯಿಲ್ಲ ಅನ್ನೋ ತಮಾಷೆಗೆ. ಯಾರ ಪಕ್ಕ ಯಾರು ಕೂತು ಉಣ್ಣಬೇಕು ಅನ್ನೋದು ತಮಾಷೆಯಾಗುವುದಿಲ್ಲ ನೋಡಿ.

ನಮಗೂ ಹಾಸ್ಟೆಲಿನ ನೆನಪುಗಳಿವೆ. ನಮ್ಮ ಹಾಸ್ಟೆಲಿನ ಚರಿತ್ರೆಯೇ ಬೇರೆ. 1908ರಲ್ಲಿ ಶಾಹೂ ಮಹಾರಾಜರು ಕೊಲ್ಲಾಪುರದಲ್ಲಿ ಅಸ್ಪೃಶ್ಯ ಮಕ್ಕಳಿಗೆ ಹಾಸ್ಟೆಲು ಮಾಡಿದರು. 1925ರಲ್ಲಿ ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭೆ ಸೊಲ್ಲಾಪುರದಲ್ಲಿ ಇನ್ನೊಂದನ್ನು ತೆರೆಯಿತು. ಊರೊಳಗೆ ಬಾಡಿಗೆ ಮನೆ ಸಿಗದವನಿಗೆ ಹಾಸ್ಟೆಲು ಅಂದರೆ ಮೋಜಲ್ಲ, ಸೂರು. 1973ರ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದ ಮೇಲೆ ಏಟು ಬಿದ್ದದ್ದು ಎಲ್ಲಿಗೆ? ದಲಿತ ಹುಡುಗರ ಹಾಸ್ಟೆಲುಗಳಿಗೆ. ನಾವು ಆಗ ಹುಟ್ಟಿರಲಿಲ್ಲ. ನಮ್ಮ ದೊಡ್ಡಪ್ಪಂದಿರ ವಾರಿಗೆಯವರನ್ನು ಕಾಲೇಜು ದಿನಗಳ ಬಗ್ಗೆ ಕೇಳಿದರೆ ಕಲ್ಲು ತೂರಿ ಬಂದ ಕಿಟಕಿಯ ಕತೆ ಹೇಳುತ್ತಾರೆ. ಹಾಸ್ಟೆಲು ಹಾಸ್ಟೆಲಿನ ನಡುವಿನ ಪಂದ್ಯ ಅಲ್ಲ ಅದು. ಆದರೆ ಆ ರಾತ್ರಿಗಳಲ್ಲಿ ಒಟ್ಟಿಗೆ ಕೂತವರೇ ಆಮೇಲೆ ಸಂಘ ಕಟ್ಟಿದರು, ಪದ ಕಟ್ಟಿದರು, ಪತ್ರಿಕೆ ಮಾಡಿದರು. ಅವರೂ ನಗುತ್ತಾರೆ, ಕೇಳಿ ನೋಡಿ. ಒಂದು ಬೀಡಿಯನ್ನು ನಾಲ್ಕು ಜನ ಸೇದಿದ್ದು, ಸಾರಿನಲ್ಲಿ ಬೇಳೆ ಹುಡುಕಿದ್ದು, ಇದ್ದ ಒಂದೇ ಇಸ್ತ್ರಿ ಅಂಗಿಯನ್ನು ಸರದಿಯಂತೆ ಇಂಟರ್‌ವ್ಯೂಗೆ ಹಾಕಿಕೊಂಡು ಹೋಗಿದ್ದು. ಈ ನಗುವಿಗೆ ಯಾವ ನಿರ್ಮಾಪಕ ದುಡ್ಡು ಹಾಕುತ್ತಾನೆ?

ಹೆಣ್ಣುಮಕ್ಕಳ ಮಾತೂ ಇದೆ. ಇಡೀ ಗುಂಪಿಗೆ ಒಬ್ಬಳೇ ಹುಡುಗಿ. ಅವಳು ಮೊದಲು ಪ್ರೇಯಸಿ, ಆಮೇಲೆ ಹೆಂಡತಿ, ಆಮೇಲೆ ಬಿಟ್ಟುಹೋದವಳು, ಕೊನೆಗೆ ಆಸ್ಪತ್ರೆಯಲ್ಲಿ ಅಳುವ ತಾಯಿ. ಅವಳ ಹಾಸ್ಟೆಲಿನ ಗೆಳತಿಯರು ಯಾಕೆ ಬರಲಿಲ್ಲ? ಇದನ್ನು ನಮ್ಮ ಅಕ್ಕಂದಿರು ಇನ್ನೂ ಖಾರವಾಗಿ ಬರೆಯಬಲ್ಲರು. ನಾವು ಬರೆದರೆ ಅದೂ ಗಂಡಸರ ಹರಟೆಯೇ ಆದೀತು.

ಸೋಲಿನ ಮಾತಿಗೆ ಬರೋಣ. ಫೇಲಾದರೂ ಬದುಕು ಇದೆ ಎಂದು ಆ ಅಪ್ಪ ಧೈರ್ಯವಾಗಿ ಹೇಳಬಲ್ಲ, ಯಾಕಂದರೆ ಅವನ ಹಿಂದೆ ಮನೆಯಿದೆ, ಕಾರಿದೆ, ಕೂಗಿದರೆ ಓಡಿಬರುವ ಗೆಳೆಯರಿದ್ದಾರೆ. ನಮ್ಮಪ್ಪನೂ ಹೇಳುತ್ತಾನೆ, 'ಓಗ್ಲಿ ಬುಡು ಮಗ, ಬಂದ್ಬುಡು, ಕೂಲಿ ಮಾಡ್ಕಂಡು ಇರಾನ' ಅಂತ. ಆ ಮಾತಲ್ಲಿ ಪ್ರೀತಿ ಕಡಿಮೆಯಿಲ್ಲ. ಆದರೆ ಅದು ಮೂರು ತಲೆಮಾರು ದುಡಿದ ಅದೇ ಹೊಲಕ್ಕೆ, ಅದೇ ಧಣಿಯ ಜಗಲಿಗೆ ವಾಪಸು ಕರೆಯುವ ಮಾತು. ಹಳ್ಳಿಯ ಮೇಷ್ಟ್ರುಗಳೇ, ನೀವು ಕಂಡಿದ್ದೀರಿ: ಒಂದು ಸಬ್ಜೆಕ್ಟು ಹೋದರೆ ಸ್ಕಾಲರ್‌ಶಿಪ್ಪು ತಡೆಯುತ್ತದೆ, ಅದು ತಡೆದರೆ ಫೀಸು ಬಾಕಿ, ಫೀಸು ಬಾಕಿಯಾದರೆ ಹಾಲ್ ಟಿಕೆಟ್ ಇಲ್ಲ. ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ, ಐಐಎಂಗಳನ್ನು ಐದು ವರ್ಷದಲ್ಲಿ ಬಿಟ್ಟುಹೋದ ದಲಿತ, ಆದಿವಾಸಿ, ಹಿಂದುಳಿದ ವಿದ್ಯಾರ್ಥಿಗಳು 13,600ಕ್ಕೂ ಹೆಚ್ಚು ಎಂದು 2023ರ ಡಿಸೆಂಬರಿನಲ್ಲಿ ಸರ್ಕಾರವೇ ಲೋಕಸಭೆಗೆ ಲೆಕ್ಕ ಕೊಟ್ಟಿತು. ಬೇರೆ ಕೋರ್ಸಿಗೆ ಹೋಗಿರಬಹುದು ಅಂತ ಸಮಜಾಯಿಷಿ ಹೇಳುತ್ತಾರೆ. ಹೋಗಿರಲಿ. ಎಲ್ಲರೂ ಹೋದರಾ?

ಮೀಸಲು ಸೀಟಿನ ಹುಡುಗ ಸೋತರೆ ಅವನೊಬ್ಬನೇ ಸೋತ ಅಂತ ಯಾರೂ ಹೇಳುವುದಿಲ್ಲ. 'ಇವರ ಹಣೆಬರಹವೇ ಇಷ್ಟು' ಅಂತ ಇಡೀ ಕೇರಿಯನ್ನು ಸೋಲಿಸುತ್ತಾರೆ. ಮಧ್ಯಮವರ್ಗದ ಮಗನಿಗೆ ತನ್ನೊಬ್ಬನ ಸೋಲು ಸೋಲುವ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯ ನಮಗೂ ಬೇಕು. ಕೇರಂನಲ್ಲಿ ಸೋತು, ಆಮೇಲೆ ನಡುವಯಸ್ಸಿನಲ್ಲಿ ಕೂತು ಅದನ್ನೇ ದೊಡ್ಡ ಕತೆ ಮಾಡಿ ಮಕ್ಕಳಿಗೆ ಹೇಳುವಷ್ಟು ಹಗುರವಾದ ಯೌವನ ನಮ್ಮ ತಮ್ಮ ತಂಗಿಯರಿಗೂ ಬೇಕು.

ಸಿನಿಮಾ ಮುಗಿದಾಗ ರಾತ್ರಿ ಒಂದು ಗಂಟೆ. ಮೊಬೈಲಿನ ಚಾರ್ಜು ಮುಗಿಯುತ್ತಾ ಬಂದಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಆ ಹುಡುಗ ಬಕೆಟ್ಟನ್ನು ಬಾಗಿಲ ಹೊರಗಿಟ್ಟು ಬಂದು ಕೇಳಿದ: 'ಅಣ್ಣ, ಸಪ್ಲಿಮೆಂಟರಿಗೆ ಫೀಸ್ ಕಟ್ಟಕ್ಕೆ ಕಡೇ ದಿನ ಯಾವತ್ತು?' ನಾಳೆಯೇ ಅಂತ ಯಾರೋ ಅಂದರು. ಟ್ರಂಕುಗಳು ತೆರೆದವು. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಚಾಪೆಯ ಮೇಲೆ ಹರಡಿಕೊಂಡು ಎಣಿಸಲು ಕೂತೆವು.